ನಮ್ಮ ದಿನ್ನೆ ಹೊಲದ ಕೆಂಪು ಮಣ್ಣು ಮತ್ತು ಹಾಲಿನ ಜೊತೆ ಹೋಗುವ ಸುಣ್ಣ



ನಿಮ್ಮ ಮನೆಯಲ್ಲೋ ಸಂಘದ ಕಟ್ಟಡದಲ್ಲೋ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೋಡಿ. (ಕಲೆ ಉಳಿಯುತ್ತದೆ, ಮೂಲೆಯಲ್ಲಿ ಮಾಡಿ.) ಸಣ್ಣಗೆ ನೊರೆ ಏಳುತ್ತದೆ. ಅದು ಸುಣ್ಣದ ಕಲ್ಲು. ಅದೇ ರಸವನ್ನು ಅಂತರಗಂಗೆ ಬೆಟ್ಟದ ಮೇಲೋ ಆವಣಿಯ ಬಂಡೆಯ ಮೇಲೋ ಹಿಂಡಿದರೆ ಏನೂ ಆಗುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹೊಲಗಳು ಬಹುಪಾಲು ಈ ಎರಡನೆಯ ಜಾತಿಯ ಕಲ್ಲಿನ ಮೇಲೆ ಕುಳಿತಿವೆ. ಇದಕ್ಕೂ ನಿಮ್ಮ ಹಸುವಿನ ಹಾಲಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಭೂಮಿಯ ಅಡಿಯಲ್ಲಿ ಸುಣ್ಣದ ಕಲ್ಲಿನ ಹಾಸು ಇದೆ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ ಅದರಿಂದಲೇ. ಅಂಥ ಕಲ್ಲು ಕರಗುತ್ತಾ ಮೇಲಿನ ಮಣ್ಣಿಗೆ ಸುಣ್ಣ ಕೊಡುತ್ತಲೇ ಇರುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಫ್ಲಿಂಟ್ ಹಿಲ್ಸ್ ಎಂಬ ಎತ್ತರದ ಹುಲ್ಲುಗಾವಲು ಸೀಮೆ ಇದೆ. ಅಡಿಯಲ್ಲಿ ಸುಣ್ಣದ ಕಲ್ಲು, ಮೇಲೆ ತೆಳುವಾದ ಕಪ್ಪು ಮಣ್ಣು. ಕಲ್ಲು ಹೆಚ್ಚಾಗಿ ನೇಗಿಲು ಇಳಿಯದ ಕಾರಣ ಅಲ್ಲಿ ಹುಲ್ಲು ಉಳಿಯಿತು, ದನ ಮೇಯಿಸುವುದೇ ಕಸುಬಾಯಿತು. ಹಾಗೆಂದು ಸುಣ್ಣದ ಮಣ್ಣಿಗೆ ದೋಷವಿಲ್ಲವೆಂದಲ್ಲ. ಸುಣ್ಣ ಅತಿಯಾದರೆ ಕಬ್ಬಿಣ, ಸತುವಿನ ಅಂಶ ಬೇರಿಗೆ ಸಿಗದೆ ಎಲೆ ಹಳದಿಯಾಗುತ್ತದೆ.

ನಮ್ಮದು ಬೇರೆ ಕಥೆ. ಇಲ್ಲಿಯ ಕಲ್ಲು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಅದರಲ್ಲಿರುವ ಬೆಣಚುಕಲ್ಲು ಕರಗದೆ ಮರಳಾಗಿ ಉಳಿಯುತ್ತದೆ. ಕಾಗೆಬಂಗಾರ ಸೀಳಿ ಪುಡಿಯಾಗುತ್ತದೆ. ಉಳಿದ ಭಾಗ ಕೊಳೆತು ಜೇಡಿಯಾಗುವಾಗ ಅದರಲ್ಲಿದ್ದ ಸುಣ್ಣವನ್ನು ಮಳೆನೀರು ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ ಮಾತ್ರ ತುಕ್ಕು ಹಿಡಿದು ನಿಂತು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ತೊಳೆದುಹೋದ ಸುಣ್ಣವನ್ನು ನೀವೂ ನೋಡಿರುತ್ತೀರಿ: ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ ಅಲ್ಲಲ್ಲಿ ಸಿಗುವ ಬಿಳಿಯ ಗಂಟುಗಳು ಅದೇ. ಕೆ.ಜಿ.ಎಫ್. ಚಿನ್ನದ ಗಣಿ (2001ರಲ್ಲಿ ಮುಚ್ಚಿತು) ಇದ್ದ ಕಪ್ಪು ಕಲ್ಲಿನ ಪಟ್ಟಿ ಉತ್ತರ ದಕ್ಷಿಣವಾಗಿ ಹಾದುಹೋಗಿದೆ. ಅದರ ಮೇಲಿನ ಮಣ್ಣು ಸ್ವಲ್ಪ ಕಪ್ಪಾಗಿ, ಜಿಗುಟಾಗಿ, ಸುಣ್ಣದ ಅಂಶದಲ್ಲಿ ಮೇಲಾಗಿರುತ್ತದೆ. ಆದರೆ ಅದು ಕೆಲವೇ ಮೈಲಿ ಅಗಲದ ಪಟ್ಟಿ.

ದಿನ್ನೆ ಹೊಲದಲ್ಲಿ ಒಂದು ಗುಂಡಿ ತೋಡಿ ನೋಡಿ. ಮೇಲೆ ಒಂದು ಅಡಿಯಷ್ಟು ಮರಳು ಮಿಶ್ರಿತ ಕೆಂಪು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ. ಈ ಒಂದು ಅಡಿ ಮಣ್ಣು ಬೆಳೆಗೆ ಸಿಗುವಂತೆ ಹಿಡಿದಿಡುವ ನೀರು ಅಂದಾಜು 30 ಮಿ.ಮೀ. ಮಾತ್ರ. ರಾಗಿ ದಿನಕ್ಕೆ 4-5 ಮಿ.ಮೀ. ಕುಡಿದರೆ ವಾರದಲ್ಲಿ ಮುಗಿಯಿತು. ತೆನೆ ಬರುವ ಕಾಲಕ್ಕೆ ಹತ್ತು ದಿನ ಮಳೆ ಕೈಕೊಟ್ಟರೆ ತಗ್ಗಿನ ಹೊಲ ಹಸಿರಾಗಿದ್ದು ದಿನ್ನೆ ಬಾಡುವುದು ಇದರಿಂದಲೇ. ಕಾಳಿನ ಜೊತೆಗೆ ವರ್ಷದ ಹುಲ್ಲೂ ಹೋಗುತ್ತದೆ.

ಈಗ ಹಾಲಿನ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮತ್ತು ಸುಮಾರು 5 ಗ್ರಾಂ ಸಾರಜನಕ ಇರುತ್ತದೆ. ಒಂದು ಸೀಮೆಹಸು ಒಂದು ಸೂಲಿನಲ್ಲಿ 3000 ಲೀಟರ್ ಕರೆದರೆ 3.6 ಕಿಲೋ ಕ್ಯಾಲ್ಸಿಯಂ, 15 ಕಿಲೋ ಸಾರಜನಕ ಕ್ಯಾನಿನಲ್ಲಿ ಊರು ಬಿಟ್ಟು ಹೋಯಿತು. ಆ ಸಾರಜನಕ 45 ಕಿಲೋ ಯೂರಿಯಾ ಮೂಟೆಯ ಮುಕ್ಕಾಲು ಪಾಲಿಗೆ ಹತ್ತಿರ. ರಾಗಿಯೇನೋ ನಮ್ಮ ಮಣ್ಣಿನ ಅಲ್ಪ ಸುಣ್ಣವನ್ನೂ ಹುಡುಕಿ ಎತ್ತುವ ಬೆಳೆ. ಅದರ ಹುಲ್ಲು ಭತ್ತದ ಹುಲ್ಲಿಗಿಂತ ಮೇಲು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸರಿಯಾಗಿಯೇ ಇದೆ. ಆದರೆ ಎತ್ತುತ್ತಲೇ ಇದ್ದರೆ ಕೆಳಗಿನ ಬಂಡೆ ನಮ್ಮ ಕಾಲದಲ್ಲಿ ತುಂಬಿಕೊಡುವುದಿಲ್ಲ.

ತುಂಬಿಕೊಡುತ್ತಿರುವುದು ಮೂಟೆ. ನೀವು ಕೊಂಡು ತರುವ ಪಶು ಆಹಾರ, ಹಿಂಡಿ, ಬೂಸ ಬೇರೆ ಸೀಮೆಯ ಮಣ್ಣಿನ ಸಾರ. ಖನಿಜ ಮಿಶ್ರಣದಲ್ಲಿರುವ ಸುಣ್ಣವೂ ನಮ್ಮ ಕಲ್ಲಿನದಲ್ಲ. ಹಸು ತಿಂದದ್ದರಲ್ಲಿ ಹಾಲಿಗೆ ಹೋಗದ ಸುಣ್ಣ ಬಹುಪಾಲು ಸಗಣಿಯಲ್ಲಿ ಬರುತ್ತದೆ, ಪೊಟ್ಯಾಷ್ ಮತ್ತು ಸಾರಜನಕದ ದೊಡ್ಡ ಪಾಲು ಗಂಜಲದಲ್ಲಿ. ಹೀಗಿರುವಾಗ ಗೊಬ್ಬರವನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಹೊರಗಿನವರಿಗೆ ಮಾರಿ, ದಿನ್ನೆಗೆ ಬರೀ ಯೂರಿಯಾ ಎರಚುವುದು ನಷ್ಟದ ವ್ಯಾಪಾರ ಎಂದೇ ನಮ್ಮ ಅಭಿಪ್ರಾಯ. ಯೂರಿಯಾ ಸುಣ್ಣ ಕೊಡುವುದಿಲ್ಲ. ವರ್ಷಾನುಗಟ್ಟಲೆ ಅದೊಂದನ್ನೇ ಹಾಕಿದರೆ ಇಂಥ ಮಣ್ಣು ಹುಳಿಯಾಗುತ್ತಾ ಹೋಗುತ್ತದೆ. ಇಂದಿನ ಕೊಟ್ಟಿಗೆಗೆ ಸಿಮೆಂಟ್ ನೆಲ ಬಂದಿದೆ, ಗಂಜಲ ಮಾತ್ರ ಚರಂಡಿ ಸೇರುತ್ತಿದೆ. ಚರಂಡಿಯ ತುದಿಯನ್ನು ಗೊಬ್ಬರದ ಗುಂಡಿಗೆ ತಿರುಗಿಸಿ. ಹಸು ತಿನ್ನದೆ ಬಿಟ್ಟ ಹುಲ್ಲು, ಜೋಳದ ದಂಟು ಗಂಜಲ ಹೀರಲು ಒಳ್ಳೆಯವು. ಗುಂಡಿಯ ಮೇಲೆ ಸೋಗೆ ಹೊದಿಸಿ ಬಿಸಿಲು ಮಳೆ ತಪ್ಪಿಸಿ.

ದಿನ್ನೆಯಿಂದ ಕೊಚ್ಚಿಹೋದ ಜೇಡಿ ಕೆರೆಯಲ್ಲಿ ನಿಂತಿದೆ. ಮಾಲೂರಿನ ಹೆಂಚು, ಇಟ್ಟಿಗೆ ಆದದ್ದು ಅಂಥ ಮಣ್ಣಿನಿಂದಲೇ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆದು ಹೊಲಕ್ಕೆ ಹರಡುವುದು ಹಳೆಯ ಪದ್ಧತಿ. ಗೋಡು ಬಿದ್ದ ಹೊಲ ನೀರನ್ನು ಹೆಚ್ಚು ದಿನ ಹಿಡಿಯುತ್ತದೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿರುವ ಕೆರೆಗಳು ಬತ್ತದಿದ್ದರೆ ಗೋಡು ತೆಗೆಯುವಂತಿಲ್ಲ. ಕೊಳವೆಬಾವಿಗೆ ಅನುಕೂಲ, ದಿನ್ನೆಗೆ ಅನನುಕೂಲ. ಬತ್ತುವ ಸಣ್ಣ ಕುಂಟೆಗಳನ್ನಾದರೂ ಬಿಡಬೇಡಿ.

ಸುಣ್ಣ ಕಡಿಮೆ ಎಂದು ಕೇಳಿದ ಕೂಡಲೇ ಹೊಲಕ್ಕೆ ಸುಣ್ಣ ಸುರಿಯುವುದೂ ಬೇಡ, ತುಂಬು ಗಬ್ಬದ ಹಸುವಿಗೆ ಸುಣ್ಣದ ಔಷಧಿ ಕುಡಿಸುವುದೂ ಬೇಡ. ಕರುಹಾಕುವ ಮುಂಚಿನ ವಾರಗಳಲ್ಲಿ ಅದು ಹೆಚ್ಚಾದರೆ ಈದ ಮೇಲೆ ಹಾಲುಜ್ವರ ಬರುವ ಸಂಭವವೇ ಹೆಚ್ಚು. ಪಶುವೈದ್ಯರನ್ನು ಕೇಳಿ ಮಾಡಿ. ಹೊಲಕ್ಕೆ ಮೊದಲು ಮಣ್ಣು ಪರೀಕ್ಷೆ ಆಗಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತಾಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಾದರಿ ತೆಗೆಯುವಾಗ ಗೊಬ್ಬರ ಗುಡ್ಡೆ ಹಾಕಿದ್ದ ಜಾಗ, ಬದು, ಮರದ ಬುಡ ಬಿಟ್ಟು ಎಂಟು ಹತ್ತು ಕಡೆ ಗೇಣುದ್ದ ಆಳದ ಮಣ್ಣು ತೆಗೆದು ಬೆರೆಸಿ ಅರ್ಧ ಕಿಲೋ ಕಳಿಸಿ. ದಿನ್ನೆಯದು ಬೇರೆ ಚೀಲ, ತಗ್ಗಿನದು ಬೇರೆ ಚೀಲ.