ಮಣ್ಣಿನೊಳಗಿನ ಸಂಜೀವಿನಿ

ಮೊದಲ ಮಳೆ ಬಿದ್ದಾಗ ದಾಂಡೇಲಿಯ ಕಾಡಿನಿಂದ ಏಳುವ ಮಣ್ಣಿನ ಕಂಪನ್ನು ಅರಿಯದವರು ನಮ್ಮ ಭಾಗದಲ್ಲಿ ಯಾರಿದ್ದಾರೆ? ಆ ಕಂಪು ಬಹುಮಟ್ಟಿಗೆ ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳ ಕೊಡುಗೆ. ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದೂ ಇದೇ ಕುಲದ ಜೀವಿಯಿಂದ.

ಆದರೆ ಈ ಜೀವಿಗಳು ಮದ್ದನ್ನು ತಯಾರಿಸುವುದು ತಮ್ಮ ಅಗತ್ಯಕ್ಕೆ. ರೋಗಿಗಳ ಸಂಖ್ಯೆಯನ್ನು ಅವು ಬಲ್ಲವೇ? ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಲಂಡನ್ನಿನಲ್ಲಿ ಕಂಡ ಬೂಷ್ಟು ಒಂದು ಮಿಲಿಲೀಟರ್ ದ್ರವದಲ್ಲಿ ಕೆಲವೇ ಯೂನಿಟ್ ಪೆನಿಸಿಲಿನ್ ಕೊಡುತ್ತಿತ್ತು. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಈ ಔಷಧ ಪಡೆದ ಪೊಲೀಸ್ ಪೇದೆಯೊಬ್ಬನು ಚೇತರಿಸಿಕೊಳ್ಳುತ್ತಿದ್ದನು. ಅಷ್ಟರಲ್ಲಿ ಔಷಧ ಮುಗಿಯಿತು. ಅವನ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಕೊಟ್ಟರೂ ಸಾಲದೆ ಆತನು ಮೃತನಾದನು.

ಈ ಕೊರತೆಯನ್ನು ನೀಗಿಸಿದ್ದು ಉತ್ಪರಿವರ್ತನೆ, ಅಂದರೆ ಜೀವಿಯ ವಂಶವಾಹಿಯಲ್ಲಿ ಆಗುವ ಬದಲಾವಣೆ. 1943ರಲ್ಲಿ ಅಮೆರಿಕದ ಪಿಯೋರಿಯಾ ಪಟ್ಟಣದ ಒಂದು ಕರಬೂಜ ಹಣ್ಣಿನ ಮೇಲೆ ಹೆಚ್ಚು ಇಳುವರಿಯ ಬೂಷ್ಟು ದೊರೆಯಿತು. ವಿಜ್ಞಾನಿಗಳು ಅದರ ಬೀಜಕಗಳ ಮೇಲೆ ಕ್ಷಕಿರಣವನ್ನೂ, ಅನಂತರ ನೇರಳಾತೀತ ಕಿರಣವನ್ನೂ ಹಾಯಿಸಿದರು. ಬಹುಪಾಲು ಬೀಜಕಗಳು ಸತ್ತವು. ಉಳಿದವುಗಳನ್ನು ಬೇರೆಬೇರೆಯಾಗಿ ಬೆಳೆಸಿ, ಪ್ರತಿಯೊಂದರ ಇಳುವರಿಯನ್ನೂ ಅಳೆದು, ಉತ್ತಮವಾದುದನ್ನು ಮಾತ್ರ ಇಟ್ಟುಕೊಂಡರು. ಹಳಿಯಾಳದ ರೈತನು ಬೀಜಕ್ಕೆಂದು ತುಂಬಿದ ತೆನೆಯನ್ನೇ ಆರಿಸಿಡುವ ಕ್ರಮವೇ ಇದು. ಹೀಗೆ ಇಳುವರಿ ಮೊದಲು ಸುಮಾರು 500 ಯೂನಿಟ್‌ಗೆ, ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು 900 ಯೂನಿಟ್‌ಗೆ ಏರಿತು. ಚಿನ್ನದಷ್ಟು ದುರ್ಲಭವಾಗಿದ್ದ ಮದ್ದು ಬಡವನ ಕೈಗೂ ಎಟುಕಿತು.

ನಮ್ಮ ದೇಶದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬೋಧಿಸಿದ್ದ ಡಾ. ಎಂ. ಜೆ. ತಿರುಮಲಾಚಾರ್ ಅಲ್ಲಿಯ ಸಂಶೋಧನೆಯ ನೇತೃತ್ವ ವಹಿಸಿ, ಶಿಲೀಂಧ್ರ ರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಅನ್ನು ಲೋಕಕ್ಕಿತ್ತರು. ಅದರ ಮೂಲಜೀವಿ ಪಿಂಪ್ರಿಯ ಮಣ್ಣಿನದೇ; ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದೇ ಅದರ ಹೆಸರು.

ಇಲ್ಲಿ ನಾವು ಒಂದು ಮಾತನ್ನು ಮರೆಯಬಾರದು. ಮದ್ದನ್ನು ಹೆಚ್ಚಿಸಿದ ಉತ್ಪರಿವರ್ತನೆಯು ರೋಗಾಣುಗಳಲ್ಲಿಯೂ ತಾನಾಗಿ ನಡೆಯುತ್ತದೆ. ಅನಾವಶ್ಯಕವಾಗಿ ಮಾತ್ರೆ ನುಂಗಿದಾಗ ದುರ್ಬಲ ರೋಗಾಣುಗಳು ಸತ್ತು, ಮದ್ದಿಗೆ ಬಗ್ಗದವು ಉಳಿದು ಬೆಳೆಯುತ್ತವೆ. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಮಾಡಿದ ಆಯ್ಕೆಯನ್ನು ನಾವೇ ರೋಗಾಣುವಿನ ಪರವಾಗಿ ಮಾಡಿದಂತಾಗುತ್ತದೆ.

ಆದುದರಿಂದ ಸಾಮಾನ್ಯ ನೆಗಡಿಗೆ ಈ ಮದ್ದು ಬೇಡ. ಅದು ವೈರಸ್ಸಿನ ಮೇಲೆ ನಡೆಯದು. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಮನೆಯ ಮತ್ತೊಬ್ಬರಿಗೆ ಕೊಡುವುದು ಬೇಡ. ಕ್ಷಯದಂಥ ರೋಗದಲ್ಲಿ, ಕೆಮ್ಮು ನಿಂತಿತೆಂದು ಚಿಕಿತ್ಸೆಯನ್ನು ನಡುವೆ ಬಿಡದೆ, ವೈದ್ಯರು ಹೇಳಿದಷ್ಟು ತಿಂಗಳೂ ಪೂರೈಸೋಣ. ಮದ್ದು ಸಾಲದೆ ಒಬ್ಬನು ಪ್ರಾಣ ಬಿಟ್ಟ ಕಾಲವಿತ್ತು. ಮದ್ದಿದ್ದೂ ಅದು ಫಲಿಸದ ಕಾಲವನ್ನು ನಮ್ಮ ಮಕ್ಕಳಿಗೆ ಬಿಟ್ಟುಹೋಗುವುದು ಬೇಡ.