ತೆಂಗು ಬಂದ ದಾರಿ, ಸಿದ್ದಿಗಳು ಬಂದ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ತೆಂಗು ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದು ಇಲ್ಲಿಯದೇ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರೆಲ್ಲ ಇಂಗಿ, ತಿರುಳು ಕರಟವನ್ನು ಬಿಟ್ಟು, ಒಳಗೆ ಉಂಡೆ ಗಡಗಡ ಎಂದರೆ ಕೊಬ್ಬರಿ ಆಯಿತು ಎಂದು ಅರ್ಥ. ಇಷ್ಟು ಒಡನಾಟ ಇರುವ ಕಾಯಿಯ ಕುಲಮೂಲವನ್ನು ಕೇಳಿದವರು ದೂರದೇಶದ ವಿಜ್ಞಾನಿಗಳು. ಬೀ ಗನ್, ಲುಕ್ ಬೌಡುವಾ, ಕೆನೆತ್ ಓಲ್ಸೆನ್ ಎಂಬ ಮೂವರು ಲೋಕದ ನಾನಾ ಕಡೆಯ 1,322 ತೆಂಗಿನ ಮಾದರಿಗಳ ಡಿಎನ್‌ಎ ಓದಿ, 2011ರ ಜೂನ್‌ನಲ್ಲಿ ಉತ್ತರ ಪ್ರಕಟಿಸಿದರು.

ಅದಾದ ಮರುತಿಂಗಳೇ, 2011ರ ಜುಲೈನಲ್ಲಿ, ಇನ್ನೊಂದು ಸಂಶೋಧನೆ ಅಚ್ಚಾಯಿತು. ಅದು ಮನುಷ್ಯರದು, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿ ನೆಲೆಸಿರುವ, ಗುಜರಾತಿನಲ್ಲೂ ಇರುವ, ಆಫ್ರಿಕಾ ಮೂಲದ ಸಿದ್ದಿಗಳದು. ಈ ಎರಡು ಲೇಖನಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು, ಅದರಲ್ಲೂ ತೆಂಗಿನ ಸೀಮೆಯವರು ಓದಬೇಕು ಎಂಬುದು ನನ್ನ ಆಸೆ. ಏಕೆಂದರೆ ಎರಡೂ ಕತೆಗಳು ಕೂಡುವುದು ಒಂದೇ ಕಡಲ ದಾರಿಯಲ್ಲಿ.

ತೆಂಗಿನ ಕತೆ ಮೊದಲು. ಕಾಯಿ ನೀರಿನಲ್ಲಿ ತೇಲುತ್ತದೆ, ಹಡಗಿನವರು ಕುಡಿಯುವ ನೀರಿಗೆಂದು ಹೊತ್ತೊಯ್ಯುತ್ತಾರೆ. ಹಾಗಾಗಿ ಸಾವಿರಾರು ವರ್ಷಗಳಲ್ಲಿ ಅದರ ವಂಶಾವಳಿ ಕಲಸುಮೇಲೋಗರ ಆಗಿರಬೇಕು ಎಂಬ ಎಣಿಕೆ ಇತ್ತು. ಡಿಎನ್‌ಎ ಹೇಳಿದ್ದು ಬೇರೆಯೇ. ಲೋಕದ ತೆಂಗಿಗೆಲ್ಲ ಸ್ಪಷ್ಟವಾಗಿ ಎರಡೇ ಮನೆತನ. ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು. ಈ ಎರಡನೆಯದರ ತೊಟ್ಟಿಲು ದಕ್ಷಿಣ ಭಾರತದ ಅಂಚು, ಶ್ರೀಲಂಕಾ, ಲಕ್ಷದ್ವೀಪ, ಮಾಲ್ಡೀವ್ಸ್ ಇರುವ ವಲಯ. ಎರಡು ಮನೆತನಗಳು ಬೆರೆತಿರುವುದು ಕಂಡುಬಂದದ್ದು ಮುಖ್ಯವಾಗಿ ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಲ್ಲಿ. ಆಗ್ನೇಯ ಏಷ್ಯಾದ ನಾವಿಕರು ಪೆಸಿಫಿಕ್ ತಳಿಯನ್ನು ಅಷ್ಟು ದೂರ ತಂದು ಅಲ್ಲಿ ಊರಿದ್ದರು.

ಅಟ್ಲಾಂಟಿಕ್ ಸಾಗರದ ತೆಂಗಿನ ಗುರುತು ಇನ್ನೂ ಕುತೂಹಲದ್ದು. ಬ್ರೆಜಿಲ್, ಕೆರಿಬಿಯನ್ ದ್ವೀಪಗಳ ಅಟ್ಲಾಂಟಿಕ್ ದಂಡೆಯ ತೆಂಗು ನಮ್ಮ ಕಡೆಯ ಮನೆತನದ್ದು. ಕಾಯಿ ಆಫ್ರಿಕಾದ ತುದಿಯನ್ನು ತಾನೇ ಬಳಸಿ ತೇಲಿಹೋಗಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಈ ಕಡಲಿಗೆ ಬಂದ ಮೇಲೆ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಕಾಯಿಗಳನ್ನು ಹೊತ್ತು ಕೇಪ್ ವರ್ಡೆಗೆ, ಅಲ್ಲಿಂದ ಮುಂದಕ್ಕೆ ಸಾಗಿಸಿದರು.

ಅದೇ ಪೋರ್ಚುಗೀಸರ ಹಡಗುಗಳು ಪೂರ್ವಕ್ಕೆ ತಂದದ್ದು ಏನೇನು ಎಂದು ಕೇಳಿದರೆ ಸಿದ್ದಿಗಳ ಕತೆ ತೆರೆದುಕೊಳ್ಳುತ್ತದೆ. 1510ರಲ್ಲಿ ಗೋವಾ ಅವರ ಕೈಸೇರಿತು. ಮೊಜಾಂಬಿಕ್ ಕಡೆಯಿಂದ ಗಂಡಸರನ್ನೂ ಹೆಂಗಸರನ್ನೂ ಹಿಡಿದು ತಂದು ಅಲ್ಲಿ ಮಾರಿದರು. ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಬಿಡುಗಡೆಯಾದ ಕೆಲವರೂ ಅದೇ ಕಾಡಿಗೆ ಬಂದರು. ನಾಲ್ಕಾರು ತಲೆಮಾರು ಕಳೆಯುವಷ್ಟರಲ್ಲಿ ತಾಯ್ನುಡಿ ಹೋಯಿತು, ಊರಿನ ಹೆಸರು ಹೋಯಿತು. ಮನೆಮಾತು ಕೊಂಕಣಿಯಾಯಿತು, ಕನ್ನಡವಾಯಿತು, ಉರ್ದುವಾಯಿತು. ಉಳಿದದ್ದು ಮೈಬಣ್ಣ, ಗುಂಗುರು ಕೂದಲು, ದಮಾಮಿ ಎಂಬ ವಾದ್ಯದ ಬಡಿತ. ಆಫ್ರಿಕಾದವರೆಂದು ಎಲ್ಲರೂ ಹೇಳುತ್ತಿದ್ದರು. ಆಫ್ರಿಕಾದಲ್ಲಿ ಯಾರವರು ಎಂಬುದಕ್ಕೆ ಹಿಡಿದು ತೋರಿಸುವಂಥದ್ದು ಇರಲಿಲ್ಲ.

ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದ ಕುಮಾರಸಾಮಿ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಸಂಗಡಿಗರು ಕೈಗೆತ್ತಿಕೊಂಡದ್ದು ಈ ಪ್ರಶ್ನೆಯನ್ನೇ. ಲೇಖನದ ಮೊದಲ ಹೆಸರು ಅನೀಶ್ ಶಾ ಅವರದು. ಸಿದ್ದಿಗಳ ಜೀನೋಮಿನಲ್ಲಿ ಲಕ್ಷಗಟ್ಟಲೆ ಗುರುತುಗಳನ್ನು ಓದಿ, ಆಫ್ರಿಕಾ, ಯುರೋಪ್, ಭಾರತದ ಜನರ ಗುರುತುಗಳೊಡನೆ ತಾಳೆ ನೋಡಿದರು. ಸರಿಸುಮಾರು ಮೂರರಲ್ಲಿ ಎರಡು ಪಾಲು ಆಫ್ರಿಕಾದ್ದು ಎಂದು ತಿಳಿಯಿತು. ಉಳಿದದ್ದು ಭಾರತದ್ದು, ಜೊತೆಗೆ ಬಹುಶಃ ಯುರೋಪಿನ, ಎಂದರೆ ಪೋರ್ಚುಗೀಸರ, ಒಂದಿಷ್ಟು ಅಂಶ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮು ಮತ್ತು ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ, ಇವೆರಡನ್ನೂ ಹಿಡಿದು ಹಿಂದಕ್ಕೆ ನಡೆದಾಗ ಸಿಕ್ಕಿದವರು ಸಹಾರಾದ ದಕ್ಷಿಣದ ಬಾಂಟು ನುಡಿಗಳ ಜನ.

ಕಾಲ ಲೆಕ್ಕ ಹಾಕಿದ ಬಗೆ ನನಗೆ ಬಹಳ ಹಿಡಿಸಿತು. ಎರಡು ಬೇರೆ ಮೂಲದವರಿಗೆ ಹುಟ್ಟಿದ ಮಗುವಿನಲ್ಲಿ ಆಫ್ರಿಕಾದ ಡಿಎನ್‌ಎ ಉದ್ದುದ್ದ ತುಂಡುಗಳಾಗಿರುತ್ತದೆ. ಮುಂದಿನ ಒಂದೊಂದು ತಲೆಮಾರಿನಲ್ಲೂ ಆ ತುಂಡುಗಳು ಕತ್ತರಿಸಿ, ಅದಲುಬದಲಾಗಿ ಗಿಡ್ಡವಾಗುತ್ತ ಹೋಗುತ್ತವೆ. ಆದ್ದರಿಂದ ಇವತ್ತಿನವರಲ್ಲಿ ತುಂಡುಗಳು ಎಷ್ಟು ಉದ್ದ ಉಳಿದಿವೆ ಎಂದು ಅಳೆದರೆ ಬೆರಕೆ ಆಗಿ ಎಷ್ಟು ತಲೆಮಾರು ಕಳೆದಿದೆ ಎಂದು ಹೇಳಬಹುದು. ಸಿದ್ದಿಗಳ ವಿಷಯದಲ್ಲಿ ಬಂದ ಲೆಕ್ಕ ಸುಮಾರು ಎಂಟು ತಲೆಮಾರು, ಎಂದರೆ ಇನ್ನೂರು ವರ್ಷಗಳ ಒಳಗಿನ ಮಾತು.

ಇನ್ನೊಂದು ಅಂಶದ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಅಕ್ಕಪಕ್ಕದ ಜನರ ಅಂಶ ಸಿದ್ದಿಗಳೊಳಗೆ ಸೇರಿತ್ತು, ಸಿದ್ದಿಗಳ ಅಂಶ ಅಕ್ಕಪಕ್ಕದವರೊಳಗೆ ಸೇರಿರಲಿಲ್ಲ. ಹರಿವು ಒಂದೇ ಕಡೆಗೆ. ಇದು ಪ್ರಯೋಗಾಲಯದ ಮಾತಾದರೂ ಹಳ್ಳಿಯಲ್ಲಿ ಬೆಳೆದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೆರೆತು ಹುಟ್ಟಿದ ಮಕ್ಕಳನ್ನು ಸಿದ್ದಿಗಳು ತಮ್ಮವರೆಂದು ಇಟ್ಟುಕೊಂಡರು. ಇನ್ನೊಂದು ಕಡೆಯ ಕೇರಿಗಳು ಬಾಗಿಲು ತೆರೆಯಲಿಲ್ಲ. ಜಾತಿಯ ಗೋಡೆ ಎಷ್ಟು ಗಟ್ಟಿ ಎಂಬುದಕ್ಕೆ ರಕ್ತದಲ್ಲೇ ದಾಖಲೆ ಉಳಿದಿದೆ.

ಆದರೆ ಈ ಆವಿಷ್ಕಾರ 2011ರಲ್ಲಿ ಶುರುವಾಯಿತು ಎಂದರೆ ನಾನು ಒಪ್ಪುವುದಿಲ್ಲ. ತಾವು ಯಾರು ಎಂಬುದನ್ನು ಸಿದ್ದಿಗಳು ಅದಕ್ಕೂ ಮೊದಲೇ ಕಂಡುಕೊಂಡಿದ್ದರು, ಡಿಎನ್‌ಎ ಇಲ್ಲದೆ. ನನಗೆ ದೊಡ್ಡ ಆವಿಷ್ಕಾರ ಅದು.

ಕಷ್ಟ ಇದ್ದದ್ದು ಇಲ್ಲಿ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಸಣ್ಣ ಸಣ್ಣ ಗುಂಪುಗಳಾಗಿ ಕಾಡಿನ ನಡುವೆ ಚದುರಿದವರು. ಹೆಚ್ಚಿನವರಿಗೆ ಜಮೀನಿರಲಿಲ್ಲ, ಸಾಲಕ್ಕೆ ಸಿಕ್ಕಿ ಅಡಿಕೆ ತೋಟದ ಒಡೆಯರಲ್ಲಿ ದುಡಿಯುತ್ತಿದ್ದವರು. ಒಬ್ಬೊಬ್ಬರ ಅಹವಾಲೂ ಬೇರೆ ಬೇರೆ ಬಾಗಿಲಿಗೆ ಹೋಗುತ್ತಿತ್ತು. 1976ರಲ್ಲಿ ಟಿ.ಸಿ. ಪಾಲಾಕ್ಷಪ್ಪ ಇವರ ಬಗ್ಗೆ ಪುಸ್ತಕ ಬರೆದರು. ಎಂಬತ್ತರ ದಶಕದಲ್ಲಿ ಸಿಪ್ರಿಯನ್ ಲೋಬೊ, ಕಿರಣ್ ಕಮಲ್ ಪ್ರಸಾದ್ ಅಧ್ಯಯನಕ್ಕೆ ಇಳಿದರು. ಮೂರೂ ಮತದವರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘ ಹುಟ್ಟಿದ್ದು 1984ರಲ್ಲಿ.

ಸಂಘದ ಬೇಡಿಕೆ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕು ಎಂಬುದು. ಹಾಗೆ ಸೇರಲು ಸರ್ಕಾರ ಕೇಳುವ ಪ್ರಶ್ನೆಗಳಿವೆ. 1965ರ ಲೋಕೂರ್ ಸಮಿತಿ ಹಾಕಿಕೊಟ್ಟ ಒರೆಗಲ್ಲುಗಳವು. ತಮ್ಮದೇ ಸಂಸ್ಕೃತಿ ಇದೆಯೇ, ದೂರದ ನೆಲೆಯೇ, ಹಿಂದುಳಿದಿದ್ದಾರೆಯೇ, ಹೊರಗಿನವರೊಡನೆ ಬೆರೆಯಲು ಸಂಕೋಚವೇ, ಹೀಗೆ. ಚರ್ಚಿಗೆ ಹೋಗುವವನೂ ಮಸೀದಿಗೆ ಹೋಗುವವನೂ ದೇವಸ್ಥಾನಕ್ಕೆ ಹೋಗುವವನೂ ಒಂದೇ ಜನ ಎಂದು ತೋರಿಸುವುದು ಹೇಗೆ? ಉತ್ತರ ಅವರ ಮನೆಯೊಳಗೇ ಇತ್ತು. ಮತ ಯಾವುದೇ ಇರಲಿ, ಹಿರಿಯರನ್ನು ನೆನೆದು ಪೂಜಿಸುವ ರೂಢಿ ಸಿದ್ದಿಗಳಲ್ಲಿ ಉಳಿದುಬಂದಿತ್ತು. ದಮಾಮಿ ಬಾರಿಸಿದರೆ ಕಾಲು ಎದ್ದು ಬರುತ್ತಿತ್ತು. ಹೆಂಗಸರ ಪುಗಡಿ ಕುಣಿತ ಇತ್ತು. ಸಾತುಂಬೈಲಿನಲ್ಲಿ ವರ್ಷಕ್ಕೊಮ್ಮೆ ಸಿದ್ದಿನಾಸ್ ಪೂಜೆಗೆ ಕೂಡುವುದಿತ್ತು.

ಮತ್ತೆ ಕೌದಿ. ಹಳೆಯ ಸೀರೆ, ಅಂಗಿ, ಲುಂಗಿಗಳ ಚೂರನ್ನು ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಹಚ್ಚಲು ತೊಡಗಿ, ಅಂಚಿಡೀ ಸುತ್ತುತ್ತ, ಒಳಕ್ಕೆ ಒಳಕ್ಕೆ ಬರುತ್ತಾರೆ. ಹೊಲಿಗೆ ನಡುಮಧ್ಯಕ್ಕೆ ಬಂದು ಮುಗಿಯುತ್ತದೆ. ಆಮೇಲೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ‘ಫೂಲ’ ಕೂರಿಸಬೇಕು; ಅದಿಲ್ಲದ ಕೌದಿಯನ್ನು ಬೆತ್ತಲೆ ಎನ್ನುತ್ತಾರೆ. ಕ್ರೈಸ್ತ ಮನೆಯಾದರೆ ನಡುವೆ ಶಿಲುಬೆ ಮೂಡಬಹುದು, ಮುಸ್ಲಿಂ ಮನೆಯಾದರೆ ಅರ್ಧಚಂದ್ರ. ಕೈಯ ಕ್ರಮ ಮಾತ್ರ ಒಂದೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಆಫ್ರಿಕಾದ ಕಲೆಯನ್ನು ಓದುತ್ತ ಇಲ್ಲಿಗೆ ಬಂದವರು, ಈ ಕೌದಿ ಕಂಡು ನಿಂತರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಗುಂಪು ಶುರುವಾಯಿತು. ಘಾನಾ ಮೂಲದ ವಿದ್ವಾಂಸ ಪಾಶಿಂಗ್ಟನ್ ಓಬೆಂಗ್ ಸಿದ್ದಿಗಳ ನಡುವೆ ವರ್ಷಗಟ್ಟಲೆ ಓಡಾಡಿ 2007ರಲ್ಲಿ ಪುಸ್ತಕ ತಂದರು. ಕಡಲಾಚೆಯ ಕಪ್ಪು ಜನರೊಡನೆ ಕಡಿದುಹೋಗಿದ್ದ ಮಾತುಕತೆ ಹೀಗೆ ಮತ್ತೆ ಕೂಡಿಕೊಂಡಿತು.

ರಂಗಭೂಮಿ ಇದಕ್ಕೂ ಮೊದಲು ಆ ಕೆಲಸ ಮಾಡಿತ್ತು. ಎಂಬತ್ತರ ದಶಕದಲ್ಲಿ ನೀನಾಸಂನ ಜನಸ್ಪಂದನ ಯೋಜನೆಯಲ್ಲಿ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಗಳನ್ನು ಕಟ್ಟಿಕೊಂಡು ‘ಕಪ್ಪು ಜನರ ಕೆಂಪು ನೆರಳು’ ನಾಟಕ ಆಡಿಸಿದರು. ನೈಜೀರಿಯದ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯಿಂದ ಹುಟ್ಟಿದ ನಾಟಕ ಅದು. ಆಫ್ರಿಕಾದ ಹಳ್ಳಿಯೊಂದು ಬಿಳಿಯರ ಕೈಯಲ್ಲಿ ಒಡೆದುಹೋದ ಕತೆಯನ್ನು, ಆಫ್ರಿಕಾದಿಂದ ಬಂದವರ ಮೊಮ್ಮಕ್ಕಳು ಕನ್ನಡದಲ್ಲಿ ಆಡಿದರು. ಇಂಥದ್ದು ನಮ್ಮ ನಾಡಿನಲ್ಲಿ ನಡೆದಿದೆ ಎಂಬುದು ಕನ್ನಡಿಗರೆಲ್ಲರಿಗೂ ತಿಳಿದಿರಬೇಕಿತ್ತು. ಮುಂದೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಪ್ರಶಾಂತ್ ಸಿದ್ದಿ ರಂಗದ ಮೇಲೆ, ಸಿನಿಮಾದಲ್ಲಿ ಹೆಸರು ಮಾಡಿದರು. 2021ರ ‘ಸಲಗ’ ಚಿತ್ರದ ಹಾಡಿನಿಂದ ಸಿದ್ದಿಗಳ ದನಿ ಕರ್ನಾಟಕದ ಮೂಲೆಮೂಲೆಗೂ ತಲುಪಿತು.

ಹೊರಗಿನವರು ಸಿದ್ದಿಗಳನ್ನು ‘ಕಂಡುಹಿಡಿಯಲು’ ಹೋದದ್ದೂ ಇದೆ. 1987ರಲ್ಲಿ, ಮಾರ್ಗರೆಟ್ ಆಳ್ವ ಕ್ರೀಡಾ ಖಾತೆ ನೋಡುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಜೂಜೆ ಜಾಕಿ ಹರ್ನೋಡ್ಕರ್, ಕಮಲಾ ಸಿದ್ದಿ ಅವರಂಥವರು ರಾಷ್ಟ್ರಮಟ್ಟಕ್ಕೆ ಏರಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹಲವು ಮಕ್ಕಳು ಕೂಲಿಗೆ ಮರಳಿದರು. ಆಫ್ರಿಕಾದ ಮೈಕಟ್ಟು ಇದ್ದರೆ ಪದಕ ಬಂದೇ ಬರುತ್ತದೆ ಎಂಬ ಆತುರದಲ್ಲಿ ಮಕ್ಕಳ ಓದು, ಹೊಟ್ಟೆಪಾಡು ಯಾರ ಲೆಕ್ಕಕ್ಕೂ ಬರಲಿಲ್ಲ ಎಂದೇ ನನಗನ್ನಿಸುತ್ತದೆ.

ಪಟ್ಟಿ ಸೇರಲು ಸಿದ್ದಿ ಅಭಿವೃದ್ಧಿ ಸಂಘದ ಓಡಾಟ ನಿಲ್ಲಲಿಲ್ಲ. 2003ರ ಜನವರಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು, ಹೈದರಾಬಾದಿನ ಲೇಖನ ಅಚ್ಚಾಗುವುದಕ್ಕೆ ಎಂಟು ವರ್ಷ ಮೊದಲು. ಹಾಗೆ ಕೈಗೆ ಬಂದ ಜಾತಿ ಪ್ರಮಾಣಪತ್ರದಿಂದ ಹಾಸ್ಟೆಲು ಸಿಕ್ಕಿತು, ವಿದ್ಯಾರ್ಥಿವೇತನ ಸಿಕ್ಕಿತು, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ದಾರಿ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸಿದ್ದಿಗಳಲ್ಲಿ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರು.

ಪಟ್ಟಿಯಲ್ಲಿ ಒಂದು ಕೊರತೆ ಉಳಿದಿತ್ತು. ಅದರಲ್ಲಿ ಇದ್ದದ್ದು ಉತ್ತರ ಕನ್ನಡ ಜಿಲ್ಲೆಯ ಹೆಸರು ಮಾತ್ರ. ಹಳಿಯಾಳದಾಚೆ ಕಾಡು ಮುಗಿಯುವ ಮುನ್ನವೇ ಜಿಲ್ಲೆ ಮುಗಿಯುತ್ತದೆ. ಗಡಿಯ ಆ ಬದಿಯ ಧಾರವಾಡ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲೂ ಸಿದ್ದಿಗಳಿದ್ದಾರೆ. ಅವರಿಗೆ ಆ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ಆ ಎರಡು ಜಿಲ್ಲೆಗಳ ಸಿದ್ದಿಗಳನ್ನೂ ಪಟ್ಟಿಗೆ ಸೇರಿಸುವ ತಿದ್ದುಪಡಿ ಬಂದದ್ದು 2020ರಲ್ಲಿ.