ಕಾಡಿಗೆ ಕರೆದುಕೊಂಡು ಹೋಗುವ ಟೀಚರಿಗೂ ಪಾಠ ಉಂಟು



ನಿಮ್ಮ ಮಗಳು ಶಾಲೆಯಿಂದ ಒಂದು ಚೀಟಿ ತಂದಿದ್ದಾಳೆ. "ಅಮ್ಮಾ, ಗೈಡ್ಸ್ ಶಿಬಿರ ಉಂಟು. ಮೂರು ದಿನ. ಡೇರೆಯಲ್ಲಿ ಮಲಗುವುದು, ಗುಡ್ಡ ಹತ್ತುವುದು. ಇಲ್ಲಿ ಸಹಿ ಹಾಕು" ಎನ್ನುತ್ತಾಳೆ.

ನಿಮಗೆ ಹೆದರಿಕೆ. ಹಾವು ಬಂದರೆ? ಹೊಳೆಗೆ ಇಳಿದರೆ? ರಾತ್ರಿ ಜ್ವರ ಬಂದರೆ? "ಹೆಣ್ಣು ಮಗು, ಕಳಿಸುದು ಬೇಡ" ಎಂದು ಅಜ್ಜಿಯೂ ಹೇಳುತ್ತಾರೆ.

ಹೆದರಿಕೆ ತಪ್ಪಲ್ಲ. ಆದರೆ ಬೇಡ ಎನ್ನುವ ಮುಂಚೆ ಒಂದು ಮಾತು ಕೇಳಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಯಾರು? ಅವರು ಅದಕ್ಕೆ ತರಬೇತಿ ಪಡೆದಿದ್ದಾರಾ?

ನಾನು ಮಾಡಿದ ತಪ್ಪು

ನಾನು ಟೀಚರ್ ಆದ ಹೊಸತು. ಪರ್ಕಳದಿಂದ ಇಪ್ಪತ್ತು ಮಕ್ಕಳನ್ನು ಸ್ವರ್ಣಾ ಹೊಳೆಯ ದಡಕ್ಕೆ ಕರೆದುಕೊಂಡು ಹೋದೆ. ಆಡಿದೆವು, ಹಾಡಿದೆವು. ನಾನು ಅವಲಕ್ಕಿ ಹಂಚುತ್ತಾ ಕೂತಿದ್ದೆ. ಒಬ್ಬಳು ಹುಡುಗಿ ಕೈ ತೊಳೆಯಲು ನೀರಿಗೆ ಹೋದಳು. ಪಾಚಿ ಹಿಡಿದ ಕಲ್ಲು. ಕಾಲು ಜಾರಿತು.

ಅಲ್ಲಿ ಒಬ್ಬರು ಅಕ್ಕ ಬಟ್ಟೆ ಒಗೆಯುತ್ತಿದ್ದರು. ಅವರು ಹಾರಿ ಹೋಗಿ ಅವಳ ಕೈ ಹಿಡಿದು ಎಳೆದರು. ಹುಡುಗಿ ಉಳಿದಳು.

ಆ ಅಕ್ಕ ನನಗೆ ಬಯ್ಯಲಿಲ್ಲ. "ಟೀಚರೇ, ಮಕ್ಕಳನ್ನು ಕರಕೊಂಡು ಬರುದು ಸುಲಭ. ಕರಕೊಂಡು ಹೋಗುದು ಕಷ್ಟ" ಎಂದರು ಅಷ್ಟೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಾಠ ಮಾಡಲು ನಾನು ಕಲಿತಿದ್ದೆ. ಮಕ್ಕಳನ್ನು ಬಯಲಿನಲ್ಲಿ ನೋಡಿಕೊಳ್ಳಲು ಕಲಿತಿರಲಿಲ್ಲ. ಹೊಳೆ ಹತ್ತಿರ ಮಕ್ಕಳನ್ನು ಎಣಿಸಬೇಕು ಎಂದೂ ನನಗೆ ಹೊಳೆದಿರಲಿಲ್ಲ.

ಮರುವರ್ಷ ನಾನು ಗೈಡ್ ಕ್ಯಾಪ್ಟನ್ ತರಬೇತಿಗೆ ಹೋದೆ.

ಗೈಡ್ಸ್ ಎಂದರೆ ಏನು?

1907ರಲ್ಲಿ ಇಂಗ್ಲೆಂಡಿನಲ್ಲಿ ಬೇಡನ್ ಪೊವೆಲ್ ಎಂಬವರು ಗಂಡು ಹುಡುಗರಿಗೆ ಒಂದು ಶಿಬಿರ ನಡೆಸಿದರು. ಅದರಿಂದ ಸ್ಕೌಟ್ಸ್ ಬೆಳೆಯಿತು. 1909ರಲ್ಲಿ ಲಂಡನ್ನಿನಲ್ಲಿ ಸ್ಕೌಟ್ ಹುಡುಗರ ದೊಡ್ಡ ಮೇಳ ಆಯಿತು. ಯಾರೂ ಕರೆಯದಿದ್ದರೂ ಕೆಲವು ಹುಡುಗಿಯರು ಅಲ್ಲಿಗೆ ಬಂದರು. "ನಮಗೂ ಬೇಕು" ಎಂದರು. 1910ರಲ್ಲಿ ಹುಡುಗಿಯರಿಗಾಗಿ ಗೈಡ್ಸ್ ಶುರುವಾಯಿತು. ನೋಡಿ, ಕೇಳಿದ್ದರಿಂದ ಸಿಕ್ಕಿತು!

ನಮ್ಮ ದೇಶದಲ್ಲಿ ಈ ಕೆಲಸ ನಡೆಸುವ ಸಂಸ್ಥೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್. ಇದು 1950ರಲ್ಲಿ ಹುಟ್ಟಿತು. ಹುಡುಗಿಯರ ಗೈಡ್ ದಳವನ್ನು ನಡೆಸುವವರು ಹೆಂಗಸರು. ಅವರಿಗೆ ಗೈಡ್ ಕ್ಯಾಪ್ಟನ್ ಎಂದು ಹೆಸರು.

ತರಬೇತಿಯಲ್ಲಿ ಏನು ಕಲಿಸುತ್ತಾರೆ?

ಮನೆ ಬಿಟ್ಟು ಶಿಬಿರದಲ್ಲೇ ಇರಬೇಕು. ನನ್ನ ಮಗನಿಗೆ ಆಗ ಮೂರು ವರ್ಷ. ಅತ್ತೆ ನೋಡಿಕೊಂಡರು. ನಾನು ಡೇರೆಯಲ್ಲಿ ನೆಲದ ಮೇಲೆ ಮಲಗಿದೆ. ಬೆಳಗಿನ ಜಾವ ಎದ್ದೆ. ಟೀಚರಾದ ನಾನು ಮತ್ತೆ ವಿದ್ಯಾರ್ಥಿಯಾದೆ.

ಮೊದಲ ಪಾಠ ಎಣಿಕೆ. ಹೊರಡುವಾಗ ಎಣಿಸು, ತಲುಪಿದಾಗ ಎಣಿಸು, ನೀರಿನ ಹತ್ತಿರ ಮತ್ತೆ ಮತ್ತೆ ಎಣಿಸು. ಪ್ರತಿ ಮಗುವಿಗೂ ಒಂದು ಜೋಡಿ ಮಾಡು. ಒಬ್ಬಳು ಕಾಣದಿದ್ದರೆ ಇನ್ನೊಬ್ಬಳು ಕೂಡಲೇ ಕೂಗಬೇಕು.

ಎರಡನೆಯದು ಜಾಗ ನೋಡುವುದು. ಡೇರೆಯನ್ನು ತಗ್ಗಿನಲ್ಲಿ ಹಾಕಬಾರದು, ಒಣಕೊಂಬೆಯ ಕೆಳಗೂ ಹಾಕಬಾರದು. ಗುಡುಗು ಸಿಡಿಲು ಬಂದರೆ ಒಂಟಿ ಮರದಡಿ ನಿಲ್ಲಬಾರದು. ಇಲ್ಲಿ ಬಿಸಿಲಿದ್ದರೂ ಕಾರ್ಕಳದ ಆಚೆ ಘಟ್ಟದಲ್ಲಿ ಮಳೆಯಾದರೆ ಹೊಳೆ ಏರಬಹುದು. ಕಕ್ಕಸಿನ ಗುಂಡಿ ನೀರಿನಿಂದ ದೂರ ಇರಬೇಕು.

ಮೂರನೆಯದು ಹಗ್ಗದ ಗಂಟು. ಇದು ನಿಮಗೂ ಗೊತ್ತು. ಕರುವಿನ ಕುತ್ತಿಗೆಗೆ ಜಾರುಗಂಟು ಹಾಕಿದರೆ ಏನಾಗುತ್ತದೆ? ಕರು ಎಳೆದಷ್ಟೂ ಕುತ್ತಿಗೆ ಬಿಗಿಯುತ್ತದೆ. ಅದಕ್ಕೇ ಜಾರದ ಗಂಟು ಹಾಕುವುದು. ಬಾವಿಗೆ ಬಿದ್ದವರನ್ನು ಎತ್ತುವಾಗಲೂ ಜಾರದ ಗಂಟೇ ಬೇಕು. ಅದಕ್ಕೆ ಶಿಬಿರದಲ್ಲಿ ಬೋಲೈನ್ ಎನ್ನುತ್ತಾರೆ. ಹೆಸರು ಹೊಸತು, ಬುದ್ಧಿ ಹಳತು.

ನಾಲ್ಕನೆಯದು ಪ್ರಥಮ ಚಿಕಿತ್ಸೆ. ಎರಡು ಬಿದಿರು ಕೋಲು ಮತ್ತು ಒಂದು ಕಂಬಳಿಯಿಂದ ಗಾಯಾಳುವನ್ನು ಹೊರಬಹುದು. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಾಯಿಂದ ಚೀಪಬಾರದು, ಹಗ್ಗ ಬಿಗಿಯಬಾರದು. ಕಚ್ಚಿಸಿಕೊಂಡವರನ್ನು ಓಡಾಡಿಸಬಾರದು. ಕೈಕಾಲು ಅಲುಗದಂತೆ ಇಟ್ಟು ಬೇಗ ಆಸ್ಪತ್ರೆಗೆ ಕೊಂಡುಹೋಗಬೇಕು. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಉಂಟು.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಎಲ್ಲ ಕೆಲಸ ನಾವೇ ಮಾಡಬಾರದು! ಏಳೆಂಟು ಹುಡುಗಿಯರ ಗುಂಪು ಮಾಡಬೇಕು. ಅವರಲ್ಲೇ ಒಬ್ಬಳು ನಾಯಕಿ. ಅಡುಗೆ, ನೀರು, ಡೇರೆ, ಎಲ್ಲ ಅವರೇ ಮಾಡಬೇಕು. ನಾವು ಹತ್ತಿರ ಇದ್ದು ನೋಡಬೇಕು. ಹುಡುಗಿಯರಿಗೆ ಧೈರ್ಯ ಬರುವುದು ಹಾಗೆ.

ಒಂದು ಶಿಬಿರಕ್ಕೆ ಮುಗಿಯುವುದಿಲ್ಲ

ಮೊದಲು ಬೇಸಿಕ್ ತರಬೇತಿ. ಊರಿಗೆ ಬಂದು ದಳ ನಡೆಸಿ ತೋರಿಸಬೇಕು. ಆಮೇಲೆ ಅಡ್ವಾನ್ಸ್ ತರಬೇತಿ. ಮತ್ತೆ ದಳ ನಡೆಸಬೇಕು. ಅದರ ಮೇಲೆ ಹಿಮಾಲಯ ವುಡ್ ಬ್ಯಾಜ್. ಅದು ಪಾಸಾದವರು ಕತ್ತಿನಲ್ಲಿ ಎರಡು ಮರದ ಮಣಿ ಹಾಕುತ್ತಾರೆ. ಚಿನ್ನವಲ್ಲ, ಬೆಳ್ಳಿಯಲ್ಲ. ಆದರೆ ದುಡ್ಡು ಕೊಟ್ಟರೆ ಅದು ಸಿಗುವುದಿಲ್ಲ.

ದೊಡ್ಡ ಪರ್ವತ ಹತ್ತುವವರಿಗೂ ಹೀಗೇ. ಬಚೇಂದ್ರಿ ಪಾಲ್ ಉತ್ತರಕಾಶಿಯ ಹತ್ತಿರದ ಹಳ್ಳಿಯವರು. ಅಲ್ಲಿ 1965ರಲ್ಲಿ ಶುರುವಾದ ಪರ್ವತಾರೋಹಣ ಸಂಸ್ಥೆಯಲ್ಲಿ ಅವರು ತರಬೇತಿ ಪಡೆದರು. 1984ರ ಮೇ 23ರಂದು ಎವರೆಸ್ಟ್ ಏರಿದರು. ಎವರೆಸ್ಟ್ ಏರಿದ ಭಾರತದ ಮೊದಲ ಹೆಂಗಸು ಅವರೇ. 1993ರಲ್ಲಿ ಹೆಂಗಸರ ತಂಡಕ್ಕೇ ನಾಯಕಿಯಾಗಿ ಮತ್ತೆ ಎವರೆಸ್ಟಿಗೆ ಹೋದರು. ಮೊದಲು ಕಲಿತರು, ಮತ್ತೆ ಹತ್ತಿದರು, ಆಮೇಲೆ ಬೇರೆಯವರನ್ನು ಕರೆದೊಯ್ದರು.

ಚೀಟಿ ಓದಿ ಸಹಿ ಹಾಕಿ

ಹಿಂದೆ ಚೀಟಿ ಬಂದರೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಅದರಲ್ಲಿ ಏನು ಬರೆದಿದೆ ಎಂದು ತಿಳಿಯುತ್ತಿರಲಿಲ್ಲ. ಈಗ ನಿಮಗೆ ಓದಲು ಬರುತ್ತದೆ. ಓದಿ. ಶಾಲೆಗೆ ಹೋಗಿ ಕೇಳಿ:

ಜೊತೆಗೆ ಹೋಗುವ ಟೀಚರ್ ಯಾರು? ಅವರಿಗೆ ಯಾವ ತರಬೇತಿ ಆಗಿದೆ?
ಎಷ್ಟು ಮಕ್ಕಳು? ಎಷ್ಟು ಮಂದಿ ದೊಡ್ಡವರು?
ನೀರಿಗೆ ಇಳಿಸುತ್ತಾರಾ? ಆಗ ಯಾರು ನೋಡಿಕೊಳ್ಳುತ್ತಾರೆ?
ಹತ್ತಿರದ ಆಸ್ಪತ್ರೆ ಯಾವುದು? ಹೋಗಲು ವಾಹನ ಇದೆಯಾ?

ಕೇಳಲು ನಾಚಿಕೆ ಬೇಡ. ತರಬೇತಿ ಪಡೆದ ಟೀಚರಿಗೆ ನಿಮ್ಮ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ, ಸಂತೋಷ ಆಗುತ್ತದೆ. ಸರಿಯಾದ ಉತ್ತರ ಸಿಕ್ಕಿದರೆ ಧೈರ್ಯವಾಗಿ ಸಹಿ ಹಾಕಿ. ಸಿಗದಿದ್ದರೆ "ಈಗ ಬೇಡ" ಎನ್ನಿ.

ಈಗ ನಾನು ಪ್ರತಿ ಸಲ ಮಕ್ಕಳನ್ನು ಎಣಿಸಿಯೇ ಹೊರಡುತ್ತೇನೆ. ಎಣಿಸಿಯೇ ಮನೆಗೆ ತಲುಪಿಸುತ್ತೇನೆ. ಎಣಿಸುವಾಗೆಲ್ಲ ಹೊಳೆಯ ಆ ಅಕ್ಕನ ನೆನಪು ಬರುತ್ತದೆ.

ಮಾತಾಡಿಕೊಳ್ಳಿ

1. ನಿಮ್ಮ ಊರಿನಲ್ಲಿ ಮಕ್ಕಳಿಗೆ ಅಪಾಯ ಇರುವ ಜಾಗ ಯಾವುದು? ಹೊಳೆಯಾ, ಕೆರೆಯಾ, ಕಲ್ಲಿನ ಕೋರೆಯಾ?
2. ಹಾವು ಕಚ್ಚಿದರೆ ಏನು ಮಾಡಬಾರದು?
3. ನಿಮಗೆ ಗೊತ್ತಿರುವ ಒಂದು ಗಂಟನ್ನು ಪಕ್ಕದ ಅಕ್ಕನಿಗೆ ಕಲಿಸಿ.